ಬರುವವನ ಅಳತೆ

ಮೈಗೆ ಟೇಪು ತಾಗಿಸದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ ಅವಳು. ಬೀದಿಗೆಲ್ಲ ಅವಳು ಟೈಲರಮ್ಮ. ಹಳೆಯ ಅಂಗಿಯೊಂದನ್ನು ತಂದು "ಇದರ ಅಳತೆಗೇ ಹೊಲಿದುಬಿಡಿ" ಎಂದವರನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದಳು. "ಅಂಗಿ ಬೆಳೆಯಲ್ಲಮ್ಮ, ಮೈ ಬೆಳೆಯುತ್ತೆ. ಮೈ ಕರ್ಕೊಂಡು ಬನ್ನಿ" ಅನ್ನುವಳು. ದೂರದಲ್ಲಿರುವ ಗಂಡನಿಗೆ ಅಂಗಿ ಹೊಲಿಸಲು ಬಂದ ಹೆಂಗಸೊಬ್ಬಳು "ನಿಮ್ಮ ಯಜಮಾನರಷ್ಟೇ ಇದ್ದಾರೆ" ಎಂದು ಎಷ್ಟು ಗೋಗರೆದರೂ ಒಪ್ಪಿರಲಿಲ್ಲ. ಅಂಥ ಜಗಮೊಂಡಿ ಒಂದು ಮಧ್ಯಾಹ್ನ ಬರೀ ಕಣ್ಣಂದಾಜಿನ ಮೇಲೆ ಒಂದು ಅಂಗಿ ಕತ್ತರಿಸಿದಳು. ಅದೂ ಯಾರಿಗೆ, ಸತ್ತು ಹನ್ನೆರಡು ವರ್ಷವಾದ ಮಗನಿಗೆ. ಮೊದಲಿನಿಂದ ಹೇಳದಿದ್ದರೆ ನೀವು ಅವಳನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ಹುಚ್ಚಿಯಲ್ಲ ಅವಳು. ತಾಯಿ, ಅಷ್ಟೇ.

ಮನೆ ದೊಡ್ಡದೇನಲ್ಲ. ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ. ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ಎರಡು ಕೋಣೆ. ಗಂಡ ನಲ್ಲಿ, ಪೈಪು ರಿಪೇರಿಯವನು. ಊರವರ ಮನೆಯ ಸೋರಿಕೆಯನ್ನೆಲ್ಲ ನಿಲ್ಲಿಸಿ ಬರುವನು, ಸ್ವಂತ ಬಚ್ಚಲಿನ ನಲ್ಲಿ ಮಾತ್ರ ವರ್ಷಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತು. ಅವನ ತಾಯಿ, ಅಂದರೆ ಟೈಲರಮ್ಮನ ಅತ್ತೆಗೆ, ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಹೊಸ ಬ್ಲೇಡು. ಮಗಳು ಪುಟ್ಟಿ ಹೆಸರಿಗಷ್ಟೇ ಪುಟ್ಟಿ. ನರ್ಸಿಂಗ್ ಓದು ಮುಗಿಸಿ, ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿಕೊಂಡಿದ್ದಳು. ತಿಂಗಳ ಕೊನೆಗೆ ಹೋಗಿ ಸೇರಬೇಕಿತ್ತು. ಅವಳ ಹಿಂದೆ ಹುಟ್ಟಿದವನು ಚಿಣ್ಣ. ಏಳು ವರ್ಷದವನಿದ್ದಾಗ ಅವನಿಗೆ ಜ್ವರ ಬಂತು, ಬಂದದ್ದು ಅವನನ್ನು ಕರೆದುಕೊಂಡೇ ಹೋಯಿತು.

ಊಟಕ್ಕೆ ಮುಂಚಿನ ಪ್ರಾರ್ಥನೆ ಆ ಮನೆಯಲ್ಲಿ ಅತ್ತೆಯದು. ಅನ್ನಕ್ಕೆ, ನೀರಿಗೆ, ಕೆಲಸಕ್ಕೆ ಸ್ತೋತ್ರ ಹೇಳಿ, ಕೊನೆಗೆ "ಬೇಗ ಬಾ ಸ್ವಾಮಿ" ಎಂದು ಮುಗಿಸುವರು. ಕ್ರಿಸ್ತ ಮತ್ತೆ ಬರುತ್ತಾನೆ, ಸತ್ತವರು ಏಳುತ್ತಾರೆ ಎನ್ನುವುದು ಅವರಿಗೆ ನಾಳೆ ಹಾಲಿನವನು ಬರುತ್ತಾನೆ ಎನ್ನುವಷ್ಟೇ ಸಲೀಸಾದ ಸಂಗತಿ.

"ಬೇಗ ಅಂದ್ರೆ ಊಟ ಆದ್ಮೇಲೆ ಬರ್ಲಿ ಬಿಡಮ್ಮ, ಅನ್ನ ಆರುತ್ತೆ" ಎನ್ನುವನು ಅವರ ಮಗ, ಟೈಲರಮ್ಮನ ಗಂಡ.

"ನಿನ್ನಂಥವನ ಮುಖ ನೋಡೇ ಅವರು ತಡ ಮಾಡ್ತಿರೋದು. ಬಡಿಸೇ ಅವನಿಗೆ, ಬಾಯಿ ಮುಚ್ಚಲಿ."

ಇಂಥ ಮನೆಗೆ ಪ್ರವಾದಿಯ ಸುದ್ದಿ ತಂದವಳು ಎದುರಿನ ಇಸ್ತ್ರಿಯಂಗಡಿಯವಳು. ಮುಚ್ಚಿಹೋಗಿದ್ದ ಸಿನಿಮಾ ಹಾಲನ್ನು ಬಾಡಿಗೆಗೆ ಹಿಡಿದು ಒಬ್ಬ ಬೋಧಕ ಬಂದಿದ್ದ. ಬಿಳಿ ಪ್ಯಾಂಟು, ಬಿಳಿ ಅಂಗಿ, ಕೆಸರಿನ ದಿನವೂ ಬಿಳಿಯಾಗೇ ಇರುವ ಬೂಟು. ಎಲ್ಲರಂತೆ "ಕರ್ತ ಬರ್ತಾನೆ" ಎನ್ನದೆ, "ಇಂಥ ದಿನ ಬರ್ತಾನೆ" ಎನ್ನುವನು. ಮುಂದಿನ ತಿಂಗಳ ಮೊದಲ ಭಾನುವಾರ, ಬೆಳಕು ಹರಿಯುವ ಹೊತ್ತು. ಅದರ ಮೇಲೆ ಇನ್ನೊಂದು ಮಾತು: ಕರ್ತನ ಹಿಂದೆ ಸತ್ತ ಮಕ್ಕಳೆಲ್ಲ ಬರುತ್ತಾರೆ, ಅವರವರ ಮನೆಯ ಬಾಗಿಲು ತಟ್ಟುತ್ತಾರೆ. ಇಸ್ತ್ರಿಯವಳು ಬಹಳ ಹಿಂದೆ ಹಾಲು ಕುಡಿಯುವ ಹೆಣ್ಣು ಕೂಸನ್ನು ಕಳೆದುಕೊಂಡವಳು. ಅವಳ ಗಂಡನೂ ಆಮೇಲೆ ಬಿಟ್ಟುಹೋದ. ಆ ಮಾತು ಕೇಳಿ ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೇ ಮರೆತು ಓಡಿ ಬಂದಿದ್ದಳು. ಟೈಲರಮ್ಮ ಆಗಲೇ ಮಿಷನ್ನಿಂದ ಎದ್ದಳು. ಇಬ್ಬರೂ ಕೈ ಹಿಡಿದುಕೊಂಡು ಹೋದರು.

ಆ ಸಂಜೆ ಅನ್ನ ಬಡಿಸುತ್ತ ಅವಳೆಂದಳು, "ಚಿಣ್ಣ ಬರ್ತಾನಂತೆ."

"ಯಾವ ಚಿಣ್ಣ?" ಎಂದ ಗಂಡ.

"ನಮಗೆ ಎಷ್ಟು ಜನ ಚಿಣ್ಣಂದಿರು ಇದ್ದಾರೆ?"

ಗಂಡನ ತುತ್ತು ಕೈಯಲ್ಲೇ ಉಳಿಯಿತು. ಪುಟ್ಟಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಮಾತ್ರ ಆರಾಮವಾಗಿ ಅಗಿಯುತ್ತಿದ್ದರು. "ಬರ್ತಾನೆ. ಅದರಲ್ಲಿ ಹೊಸದೇನು? ನಾನೂ ಅದನ್ನೇ ನಂಬಿದ್ದೀನಿ."

"ಮುಂದಿನ ತಿಂಗಳು ಮೊದಲ ಭಾನುವಾರ, ಅತ್ತೆ."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. "ದಿನ ಹೇಳಿದನಾ?"

"ಹೂಂ. ಹೊತ್ತು ಸಮೇತ."

"ಹಾಗಾದ್ರೆ ಅವನು ಸುಳ್ಳ. ಮುಗೀತು. ಆ ದಿನ ಯಾವುದು ಅಂತ ತಂದೆಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಅಂತ ಸ್ವಾಮಿ ತಾವೇ ಹೇಳಿಹೋಗಿದ್ದಾರೆ. ಅವರಿಗೇ ಗೊತ್ತಿಲ್ಲದ್ದನ್ನ ಈ ಬಿಳಿ ಬೂಟಿನವನಿಗೆ ಯಾರೇ ಹೇಳಿದ್ರು, ಪೋಸ್ಟ್‌ಮ್ಯಾನಾ?"

"ಅವರು ಚಿಣ್ಣನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರು ಅತ್ತೆ. ಹನ್ನೆರಡು ವರ್ಷದಲ್ಲಿ ಈ ಮನೆಯಲ್ಲಿ ಯಾರಾದ್ರೂ ಗಟ್ಟಿಯಾಗಿ ಅವನ ಹೆಸರು ಹೇಳಿದ್ದೀರಾ?"

ಹೇಳಿರಲಿಲ್ಲ, ನಿಜ. ಹೇಳಿದರೆ ಅವಳು ಅಳುತ್ತಾಳೆಂದು ಗಂಡ ಹೇಳುತ್ತಿರಲಿಲ್ಲ, ಗಂಡ ಹೇಳುವುದಿಲ್ಲವಲ್ಲ ಎಂದು ಅವಳು ಹೇಳುತ್ತಿರಲಿಲ್ಲ. ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಬೀಗ ತೆಗೆದವನು ಹೊರಗಿನವನು. ಅವಳು ಅವನ ಹಿಂದೆ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಲ್ಲಿಂದ ಮನೆಯ ಗತಿ ತಪ್ಪಿತು. ಆ ದಿನಕ್ಕೆ ಎಲ್ಲರೂ ಬಿಳಿ ನಿಲುವಂಗಿ ತೊಟ್ಟಿರಬೇಕೆಂದು ಪ್ರವಾದಿಯ ಅಪ್ಪಣೆ. ಹೊಲಿಯುವವಳು ಟೈಲರಮ್ಮನೇ. ಕೂಲಿ ಬೇಡವೆಂದು ಅವಳೇ ಹೇಳಿ ಬಂದಿದ್ದಳು. ಮುಂದಿನ ಕೋಣೆಯ ತುಂಬ ಬಿಳಿ ಬಟ್ಟೆಯ ಥಾನುಗಳು ಬಂದು ಬಿದ್ದವು. ದಿನವಿಡೀ ಹೆಂಗಸರು ಬಂದು ಕೈ ಎತ್ತಿ ನಿಂತು ಅಳತೆ ಕೊಟ್ಟು ಹೋಗುವರು. ಬೇರೆ ಗಿರಾಕಿಗಳ ಬಟ್ಟೆ ಗಂಟು ಬಿಚ್ಚದೆ ಮೂಲೆ ಸೇರಿತು. ಮದುವೆಗೆಂದು ಕೊಟ್ಟಿದ್ದ ರವಿಕೆಗಳನ್ನು ವಾಪಸ್ಸು ಒಯ್ದವಳೊಬ್ಬಳು ಬೀದಿಯಲ್ಲಿ ನಿಂತು ಬೈದೇ ಹೋದಳು.

ಅಡುಗೆ ಗಂಡನ ಪಾಲಿಗೆ ಬಂತು. ಪೈಪು ಕತ್ತರಿಸುವ ಕೈ ಆಲೂಗಡ್ಡೆ ಕತ್ತರಿಸಿದರೆ ಏನಾಗುತ್ತದೆ, ಎಲ್ಲ ಒಂದೇ ದಪ್ಪದ ಬಿಲ್ಲೆ, ಎಲ್ಲ ಒಂದೇ ಸಮ ಬೇಯದೆ ಉಳಿದದ್ದು.

"ಅಪ್ಪಾ, ಇದಕ್ಕೆ ಉಪ್ಪು ಹಾಕಿದ್ದೀಯಾ?"

"ಹಾಕಿದ್ನಲ್ಲ."

"ಎರಡು ಸಲ ಹಾಕಿದ್ದೀಯ."

"ಒಂದು ನಿಮ್ಮಮ್ಮನ ಪಾಲಿಂದು. ಅವಳು ಊಟಕ್ಕೆ ಬರ್ಲಿಲ್ವಲ್ಲ."

ಅತ್ತೆ ನೀರು ಕುಡಿದು, ಬೇಕೆಂದೇ ಮುಂದಿನ ಕೋಣೆಗೆ ಕೇಳುವಂತೆ ಹೇಳಿದರು, "ಕುರಿ ತೊಗಲು ಹೊದ್ದು ತೋಳ ಬರುತ್ತೆ, ಹುಷಾರು ಅಂತ ಸ್ವಾಮಿ ಹೇಳಿದ್ರು. ಆ ತೊಗಲನ್ನ ನನ್ನ ಸೊಸೇನೇ ಕೂತು ಹೊಲಿದುಕೊಡ್ತಾಳೆ ಅಂತ ಮಾತ್ರ ನಾನು ಅಂದ್ಕೊಂಡಿರ್ಲಿಲ್ಲ."

ಮಿಷನ್ನಿನ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.

ಊರಿನವರಿಗೆಲ್ಲ ಹೊಲಿದಾದ ಮೇಲೆ ಅವಳಿಗೆ ನೆನಪಾಯಿತು: ಬರುವವನಿಗೂ ಒಂದು ಬಟ್ಟೆ ಬೇಡವೇ? ಬಾಗಿಲಿಗೆ ಬಂದ ಮಗನಿಗೆ ತೊಡಿಸಲು ತಾಯಿಯ ಕೈಯಲ್ಲಿ ಏನಿದೆ? ಟೈಲರಮ್ಮನಿಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೇನಿದ್ದೀತು. ಆದರೆ ಯಾವ ಅಳತೆಗೆ? ಏಳು ವರ್ಷದವನಾಗಿಯೇ ಬರುತ್ತಾನೋ, ಬೆಳೆದು ಬರುತ್ತಾನೋ? ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ನೇರ ಸಿನಿಮಾ ಹಾಲಿಗೆ ಹೋದಳು. ಮೊದಲು ಟಿಕೆಟ್ ಕೊಡುತ್ತಿದ್ದ ಸಣ್ಣ ಕೋಣೆಯಲ್ಲಿ ಪ್ರವಾದಿ ಕೂತಿದ್ದ.

"ನೀನು ಅವನನ್ನ ಹೇಗೆ ನೆನೆಸ್ಕೋತೀಯ ತಾಯಿ?" ಎಂದು ಮೆಲ್ಲಗೆ ಕೇಳಿದ.

"ಇದ್ದಿದ್ರೆ ಇಷ್ಟು ಹೊತ್ತಿಗೆ ಅವರಪ್ಪನ್ನ ಮೀರಿಸಿರ್ತಿದ್ದ. ನಮ್ಮ ತವರಿನ ಕಡೆ ಎಲ್ಲ ಎತ್ತರ."

ಅವನು ಕಣ್ಣು ಮುಚ್ಚಿದ. "ನೋಡ್ತಾ ಇದ್ದೀನಿ. ಎತ್ತರದ ಹುಡುಗ. ಅಪ್ಪನಿಗಿಂತ ಒಂದು ಹಿಡಿ ಜಾಸ್ತಿ."

"ಹೆಗಲು?"

"ಅಗಲ. ದುಡಿಯೋ ಹೆಗಲು."

"ತೋಳು ಉದ್ದ ಇದೆಯಾ?"

"ಉದ್ದ, ತಾಯಿ." ಆಮೇಲೆ ಕಣ್ಣು ತೆರೆದು, ದನಿ ತಗ್ಗಿಸಿದ. "ಒಂದು ಮಾತು ನೆನಪಿಟ್ಕೋ. ಅವನು ಬರೋ ಹೊತ್ತಿಗೆ ಮನೆಯವರೆಲ್ಲ ಮನೆಯಲ್ಲೇ ಇರಬೇಕು. ಒಬ್ಬರು ಕಡಿಮೆಯಾದ್ರೂ ಹೊಸಿಲಿಂದಲೇ ತಿರುಗಿ ಹೋಗಿಬಿಡ್ತಾನೆ."

ಆ ಮಧ್ಯಾಹ್ನವೇ ಅವಳು ಕತ್ತರಿ ಹಿಡಿದದ್ದು. ಟೇಪು ಕೊರಳಲ್ಲೇ ನೇತಾಡುತ್ತಿತ್ತು, ಹಿಡಿಯಲು ಮೈಯಿರಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಆಮೇಲೆ ಉಸಿರು ಬಿಗಿಹಿಡಿದು ಕತ್ತರಿಸಿಯೇಬಿಟ್ಟಳು.

ಸಂಜೆ ಕೆಲಸದಿಂದ ಬಂದ ಗಂಡ, ಮೇಜಿನ ಮೇಲೆ ಹರಡಿದ್ದ ಅಂಗಿ ನೋಡಿ, "ಇದೇನೇ, ನನಗೂ ಹೊಲಿದುಬಿಟ್ಯಾ?" ಎಂದು ನಗುತ್ತ ಎದೆಗೆ ಹಿಡಿದುಕೊಂಡ. ತೋಳು ಅವನ ಬೆರಳ ತುದಿ ದಾಟಿ ಇಳಿಯಿತು.

"ನಿಮ್ಮದಲ್ಲ."

ಅವನಿಗೆ ತಿಳಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಗಾದೆ ಅವನ ನಾಲಿಗೆಯ ತುದಿಗೇ ಬಂದಿತ್ತು. ದೇವರ ದಯೆ, ಅದನ್ನು ನುಂಗಿಕೊಂಡ. ಅಂಗಿಯನ್ನು ಕೆಳಗಿಡದೆ ಕನ್ನಡಿಯ ಮುಂದೆ ನಿಂತ.

"ಇಷ್ಟು ಎತ್ತರ ಆಗ್ತಿದ್ನಾ?" ಎಂದ.

"ಆಗ್ತಿದ್ದ."

"ನನ್ನನ್ನ ಕುಳ್ಳ ಅಂತ ರೇಗಿಸ್ತಿದ್ದ, ಕಳ್ಳ." ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಂಡ ಹೆಂಡತಿ ಒಟ್ಟಿಗೆ ಕೂತು ಅತ್ತರು. ಅಳುವುದೇನೋ ಒಳ್ಳೆಯದಾಯಿತು. ಆದರೆ ಅತ್ತಾದ ಮೇಲೆ ಅವಳು, "ಪುಟ್ಟಿ ಕೆಲಸಕ್ಕೆ ಹೋಗೋದು ಬೇಡ ಅಂತ ನೀವೇ ಹೇಳಿ" ಎಂದಾಗ ಅವನಿಗೆ ಇಲ್ಲವೆನ್ನುವ ಶಕ್ತಿ ಬರಲಿಲ್ಲ. ಕಣ್ಣೊರೆಸಿಕೊಂಡು ಎದ್ದು ಹೋದ.

ಕೊನೆಗೆ ಮಗಳ ಹತ್ತಿರ ಅವಳೇ ಹೇಳಬೇಕಾಯಿತು. ಬೆಳಿಗ್ಗೆ ಪುಟ್ಟಿ ಯೂನಿಫಾರ್ಮಿನ ಬಟ್ಟೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದಿದ್ದಳು.

"ಅಮ್ಮ, ಇದನ್ನ ಯಾವಾಗ ಕತ್ತರಿಸ್ತೀಯ? ಹೊರಡೋ ದಿನ ಬಂತು."

"ಆ ಭಾನುವಾರ ಕಳೀಲಿ."

"ಅಷ್ಟರೊಳಗೆ ನಾನು ಅಲ್ಲಿರಬೇಕು. ಹೇಳಿದ ದಿನ ಹೋಗ್ಲಿಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ ಕೊಡ್ತಾರೆ."

"ಕೊಡ್ಲಿ ಬಿಡು. ಬಾಗಿಲಿಗೆ ಬಂದವನು ಮೊದಲು ಏನು ಕೇಳ್ತಾನೆ ಹೇಳು? ಅಕ್ಕ ಎಲ್ಲಿ ಅಂತಾನೆ. ಏನಂತ ಹೇಳ್ಲಿ ಅವನಿಗೆ?"

ಪುಟ್ಟಿ ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು. "ಇನ್ನೊಬ್ಬಳು ಇದ್ದಾಳೆ ಅಂತಾದ್ರೂ ನಿನಗೆ ನೆನಪಿದೆಯಲ್ಲ, ಪುಣ್ಯ! ನನ್ನ ಅಳತೆ ತಗೊಂಡು ಎಷ್ಟು ವರ್ಷ ಆಯ್ತಮ್ಮ? ಟೈಲರ್ ಮಗಳು, ಹಾಕೋದು ರೆಡಿಮೇಡು. ಕಾಲೇಜಲ್ಲಿ ಎಲ್ರೂ ನಗೋರು. ಅಮ್ಮನಿಗೆ ಪುರುಸೊತ್ತಿಲ್ಲ ಅಂತಿದ್ದೆ. ಅವನಿಗಾದ್ರೆ ಮೈ ಇಲ್ದಿದ್ರೂ ಅಂಗಿ ಹೊಲೀತೀಯ!"

"ಪುಟ್ಟೀ, ನಾಲಿಗೆ ಬಿಗಿಹಿಡಿ!"

"ಅವನು ನನಗೂ ತಮ್ಮ ಕಣಮ್ಮ! ನಾನು ನರ್ಸಿಂಗ್ ಯಾಕೆ ಓದಿದೆ ಅಂತ ಒಂದು ದಿನ ಕೇಳಿದ್ದೀಯಾ ನೀನು?"

ಕೇಳಿರಲಿಲ್ಲ. ಪುಟ್ಟಿ ಅಳುತ್ತ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೈಲರಮ್ಮ ಯೂನಿಫಾರ್ಮಿನ ಬಟ್ಟೆ ಮಡಿಸಿ ಕಪಾಟಿನ ಮೇಲಿಟ್ಟಳು. ಹಟ ಮಾತ್ರ ಬಿಡಲಿಲ್ಲ. ಈಗ ನೊಂದರೂ, ತಮ್ಮನ ಮುಖ ಕಂಡ ದಿನ ಇವಳೂ ಎಲ್ಲ ಮರೆಯುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಮಾರನೆಯ ದಿನ ಇಸ್ತ್ರಿಯವಳು ಬಂದಳು. ಸೆರಗಿನಡಿ ಏನನ್ನೋ ಬಚ್ಚಿಟ್ಟುಕೊಂಡಿದ್ದಳು. ನಾಚಿಕೆಯಿಂದಲೇ ತೆಗೆದು ಮೇಜಿನ ಮೇಲಿಟ್ಟಳು. ಮೊಳದುದ್ದದ ಒಂದು ತುಂಡು ಬಿಳಿ ಮಸ್ಲಿನ್ ಬಟ್ಟೆ.

"ಅಕ್ಕಾ, ನನ್ನ ಕೂಸಿಗೊಂದು ಜುಬ್ಬಾ ಹೊಲಿದುಕೊಡ್ತೀರಾ? ಇಷ್ಟು ಸಾಕು ಅನ್ಸುತ್ತೆ, ಅಲ್ವಾ?"

"ಕೂಸಿಗಾ?" ಟೈಲರಮ್ಮ ಬಟ್ಟೆ ಎತ್ತಿ ನೋಡಿದಳು. "ನಿನ್ನ ಮಗಳು ನಮ್ಮ ಪುಟ್ಟಿಗಿಂತ ದೊಡ್ಡವಳಲ್ವೇನೇ? ಇಷ್ಟು ಹೊತ್ತಿಗೆ ಅವಳೇ ಒಂದು ಕೂಸಿಗೆ ತಾಯಾಗಿರ್ತಿದ್ದಳು."

"ಇಲ್ಲಕ್ಕ. ನಾನು ಪ್ರವಾದಿಗಳನ್ನೇ ಕೇಳಿದೆ. ಹೋದ ಹಾಗೇ ಬರ್ತಾಳಂತೆ. ಹಾಲು ಕುಡಿಯೋ ಕೂಸಾಗೇ. ಅವರು ಕಣ್ಣು ಮುಚ್ಚಿ ನೋಡಿದ್ರು. ನನ್ನ ತೋಳಲ್ಲೇ ಇದ್ದಾಳಂತೆ." ಅವಳ ಮುಖ ದೀಪ ಹಚ್ಚಿದಂತಿತ್ತು.

"ಕಣ್ಣು ಮುಚ್ಚೋ ಮುಂಚೆ ನಿನ್ನನ್ನ ಏನಾದ್ರೂ ಕೇಳಿದ್ರಾ?"

"ಹೂಂ. ಹೇಗೆ ನೆನೆಸ್ಕೋತೀಯ ತಾಯಿ ಅಂದ್ರು. ತೋಳಲ್ಲಿ ಮಲಗಿಸ್ಕೊಂಡ ಹಾಗೆ ಅಂದೆ."

ಟೈಲರಮ್ಮ ಕುರ್ಚಿಯ ಮೇಲೆ ಕೂತಳು. ಎದುರಿಗೆ ಕನ್ನಡಿ. ದಿನಕ್ಕೆ ಹತ್ತು ಸಲ ಅವಳು ಆ ಕನ್ನಡಿಯ ಮುಂದೆ ಆಡುವ ಆಟ ಅದು. ಗಿರಾಕಿಯನ್ನು ನಿಲ್ಲಿಸಿ, "ನಿಮಗೆ ಹೇಗೆ ಬೇಕು ಹೇಳಿ" ಎಂದು ಮೊದಲು ಅವರ ಬಾಯಿಂದ ಹೊರಡಿಸುವುದು, ಆಮೇಲೆ "ನಾನೂ ಅದನ್ನೇ ಹೇಳೋಣ ಅಂತಿದ್ದೆ, ನಿಮಗೆ ಅದೇ ಒಪ್ಪುತ್ತೆ" ಅನ್ನುವುದು. ಮೈ ಬಂದವರಿಗೆ "ನೀವಲ್ಲಮ್ಮ, ಬಟ್ಟೆ ಕುಗ್ಗಿದೆ" ಅನ್ನುವುದು. ಅಂಗಡಿ ನಡೆಸಬೇಕಲ್ಲ, ಅದರಲ್ಲಿ ಪಾಪವೇನೂ ಇಲ್ಲ. ಆದರೆ ಸತ್ತ ಮಕ್ಕಳ ಮೇಲೂ ಅದೇ ಅಂಗಡಿ ಮಾತು! ಬೆಳೆದ ಮಗ ಬೇಕು ಎಂದವಳಿಗೆ ಬೆಳೆದ ಮಗ, ಕೂಸು ಬೇಕು ಎಂದವಳಿಗೆ ಕೂಸು. ಅವಳ ಅಂಗಿಯ ಉದ್ದಗಲ ಹೇಳಿದ್ದು ಅವನಲ್ಲ, ಅವಳೇ. ಅವನು ಮಡಿಸಿ ವಾಪಸ್ಸು ಕೊಟ್ಟಿದ್ದ, ಅಷ್ಟೇ.

"ಏನಕ್ಕಾ, ಬಟ್ಟೆ ಸಾಲಲ್ವಾ?" ಎಂದಳು ಇಸ್ತ್ರಿಯವಳು.

ಏನು ಹೇಳಬೇಕು ಅವಳಿಗೆ? "ಸಾಲುತ್ತೆ. ಇಟ್ಟು ಹೋಗು" ಎಂದಳು. ಅವಳು ಹೋದ ಮೇಲೆ ಮುಂಬಾಗಿಲು ಹಾಕಿ, ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆಯ ಎದುರು ಬಂದು ಕೂತಳು. ತಾನೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು.

"ಅತ್ತೆ, ಒಂದು ಕೇಳ್ತೀನಿ, ಬೈಬೇಡಿ. ಸತ್ತವರು ಎದ್ದು ಬಂದಾಗ ಎಷ್ಟು ದೊಡ್ಡವರಾಗಿರ್ತಾರೆ?"

ಅತ್ತೆಯ ಕೈ ನಿಂತಿತು. ಬೈಬಲ್ ವಾಕ್ಯವನ್ನು ತುದಿ ನಾಲಿಗೆಯಲ್ಲಿ ಇಟ್ಟುಕೊಂಡಿದ್ದವರು "ಗೊತ್ತಿಲ್ಲ ಕಣೇ" ಎಂದರು.

"ನಿಮಗೂ ಗೊತ್ತಿಲ್ವಾ?"

"ನನಗೆ ಏನು ಗೊತ್ತು, ಬರ್ತಾರೆ ಅಂತ ಗೊತ್ತು. ಯಾವಾಗ, ಹೇಗೆ, ಎಷ್ಟು ಎತ್ತರ, ಅದೆಲ್ಲ ಹೇಳಿಲ್ಲ. ಹೇಳಿದ್ದನ್ನ ಹಿಡ್ಕೊಂಡಿದ್ದೀನಿ." ಒಂದು ಬಟಾಣಿ ಕೈಜಾರಿ ಉರುಳಿತು, ಅದರ ಹಿಂದೆ ಮಂಜುಗಣ್ಣಲ್ಲೇ ನೋಡಿದರು. "ನಿನಗೊಬ್ಬಳಿಗೇ ಈ ಚಿಂತೆ ಅಂತ ತಿಳ್ಕೊಂಡ್ಯಾ? ನಿಮ್ಮ ಮಾವ ಹೋದಾಗ ನನ್ನ ಕೂದಲು ಹೇಗಿತ್ತು ಗೊತ್ತಾ, ಕಪ್ಪಗೆ ಮೊಣಕಾಲಿನವರೆಗೆ. ಬಾಯಿ ತುಂಬ ಹಲ್ಲು. ಈಗ ಈ ಒಣಗಿದ ಬದನೆಕಾಯಿನ ನೋಡಿದ್ರೆ ಅವರಿಗೆ ಗುರುತು ಸಿಗುತ್ತಾ ಅಂತ ಎಷ್ಟು ಸಲ ಹೆದರಿಕೊಂಡಿದ್ದೀನಿ. ಯಾರ ಹತ್ತಿರ ಹೇಳ್ಲಿ?"

ಟೈಲರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಅತ್ತೆ ಕಾಯುವುದು ಬರೀ ವಾಡಿಕೆ, ಬಾಯಿಪಾಠ ಎಂದುಕೊಂಡಿದ್ದಳು. ಅವರಿಗೂ ಹೊಟ್ಟೆಯೊಳಗೆ ಇಷ್ಟು ಬೆಂಕಿ ಇತ್ತೇ?

"ಪುಟ್ಟಿ ಹೋದ್ರೆ ಚಿಣ್ಣ ಹೊಸಿಲಿಂದ ತಿರುಗಿ ಹೋಗ್ತಾನೆ ಅಂದ ಅತ್ತೆ, ಅವನು." ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು. "ಸುಳ್ಳು ಅಂತ ಈಗ ಗೊತ್ತಾಗಿದೆ. ಗೊತ್ತಾದ್ರೂ ಹೆದರಿಕೆ ಹೋಗಲ್ಲ. ಅಕಸ್ಮಾತ್ ನಿಜವಾಗಿಬಿಟ್ರೆ?"

"ಒಂದು ಮಗೂನ ತೋರಿಸಿ ಇನ್ನೊಂದು ಮಗೂನ ಕಟ್ಟಿಹಾಕು ಅಂತ ನಮ್ಮ ಸ್ವಾಮಿ ಎಂದೂ ಹೇಳಲ್ಲ. ಅಷ್ಟು ಮಾತ್ರ ನನಗೆ ಗೊತ್ತು. ಈಗ ಎದ್ದು ಹೋಗು. ಆ ಹುಡುಗಿ ನಿನ್ನೆಯಿಂದ ಉಂಡಿಲ್ಲ."

ಅವಳು ಎದ್ದಳು. ತಟ್ಟೆಗೆ ಅನ್ನ ಹಾಕಿದಳು, ಒಂದು ಮೊಟ್ಟೆ ಕರಿದಳು, ಹಿಂದಿನ ಕೋಣೆಯ ಬಾಗಿಲು ತಟ್ಟಿದಳು. ಪುಟ್ಟಿ ಬಾಗಿಲು ತೆಗೆದು ತಟ್ಟೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಉಣ್ಣು. ಉಂಡು ಮುಂದಿನ ಕೋಣೆಗೆ ಬಾ, ಅಳತೆ ಕೊಡು."

"ಯಾವುದಕ್ಕೆ?"

"ಇನ್ಯಾವುದಕ್ಕೆ, ಯೂನಿಫಾರ್ಮಿಗೆ. ಆಸ್ಪತ್ರೆಯವರು ರೆಡಿಮೇಡು ನೋಡಿ ನಗಬಾರದಲ್ಲ."

ಕನ್ನಡಿಯ ಮುಂದೆ ಪುಟ್ಟಿ ಸೆಟೆದು ನಿಂತಳು. ಹೆಗಲಿಗೆ ಟೇಪು ಹಿಡಿದ ಟೈಲರಮ್ಮ ಬೆಚ್ಚಿದಳು. ಯಾವಾಗ ಇಷ್ಟು ಅಗಲವಾದವು ಈ ಹೆಗಲು? ಕೊರಳ ಹಿಂದೆ ಒಂದು ಮಚ್ಚೆ ಇತ್ತು, ಅವಳು ಮರೆತೇಬಿಟ್ಟಿದ್ದ ಮಚ್ಚೆ. ಸೊಂಟದ ಸುತ್ತ ಟೇಪು ಬಳಸಲು ತೋಳು ಚಾಚಿದವಳು ಹಾಗೇ ಮಗಳ ಬೆನ್ನಿಗೆ ಹಣೆ ಒತ್ತಿ ನಿಂತುಬಿಟ್ಟಳು.

"ನರ್ಸಿಂಗ್ ಯಾಕೆ ಓದಿದೆಯೇ?" ಎಂದು ಕೇಳಿದಳು.

"ಅವನಿಗೆ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕು ಅಂತ ನನ್ನ ಕೂರಿಸಿ ಹೋಗಿದ್ಯಲ್ಲ ಅಮ್ಮ, ನೀನು ಡಾಕ್ಟರನ್ನ ಕರಿಯೋಕೆ. ನನಗೆ ಸರಿಯಾಗಿ ಹಾಕೋಕೆ ಬರ್ಲಿಲ್ಲ. ಅದಕ್ಕೆ."

ಅಯ್ಯೋ ನನ್ನ ಕಂದ, ಒಂಬತ್ತು ವರ್ಷದ ಕೂಸು ಇಷ್ಟನ್ನು ಹೊತ್ತುಕೊಂಡು ಬೆಳೆಯಿತೇ ಎಂದು ಟೈಲರಮ್ಮ ಮಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನೀನು ಸರಿಯಾಗೇ ಹಾಕಿದ್ದೆ" ಎಂದಳು. "ಸರಿಯಾಗೇ ಹಾಕಿದ್ದೆ ಕಣೇ. ಬಂದಾಗ ನಾನು ನೋಡಿದ್ದೆ."

ಹೊರಡುವ ಬೆಳಿಗ್ಗೆ ನಾಲ್ವರೂ ಬಸ್ ನಿಲ್ದಾಣಕ್ಕೆ ಹೋದರು. ಅಪ್ಪ ಪೆಟ್ಟಿಗೆ ಹೊತ್ತ, ಅಜ್ಜಿ ದಾರಿಯುದ್ದಕ್ಕೂ ಬುದ್ಧಿ ಹೇಳಿದರು. ಬಸ್ಸು ಅಲುಗಾಡಿದಾಗ ಟೈಲರಮ್ಮನ ಎದೆಯೊಳಗೆ ಆ ಮಾತು ಮತ್ತೆ ಚುಚ್ಚಿತು: ಒಬ್ಬರು ಕಡಿಮೆಯಾದರೂ. ನಿಲ್ಲಿಸಿ ಎಂದು ಕೂಗಿದರೆ ಬಸ್ಸು ಇನ್ನೂ ನಿಲ್ಲುತ್ತಿತ್ತು. ಅವಳು ಗಂಡನ ತೋಳನ್ನು ಬಲವಾಗಿ ಹಿಡಿದುಕೊಂಡಳು. ಕೂಗಲಿಲ್ಲ. ಬಸ್ಸು ಮೂಲೆ ತಿರುಗಿತು.

ಉಳಿದ ಬಿಳಿ ಥಾನುಗಳನ್ನು ಅವಳು ಅದೇ ದಿನ ಸಿನಿಮಾ ಹಾಲಿಗೆ ವಾಪಸ್ಸು ಕೊಟ್ಟು ಬಂದಳು. ಇಸ್ತ್ರಿಯವಳಿಗೂ ಹೇಳಿದಳು, ಕೈ ಹಿಡಿದು, ಎರಡು ಅಳತೆಯ ಕಥೆಯನ್ನೆಲ್ಲ ಬಿಡಿಸಿ. ಅವಳು ಕೈ ಕೊಡವಿಕೊಂಡು ಎದ್ದಳು. "ನಿಮಗೆ ಇನ್ನೊಂದು ಇದೆ ಅಕ್ಕ. ನನಗೆ ಏನಿದೆ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಜುಬ್ಬಾ ಮಾತ್ರ ಹಟ ಹಿಡಿದು ಹೊಲಿಸಿಕೊಂಡೇ ಹೋದಳು.

ಭಾನುವಾರ ಬಂತು. ಬೆಳಕು ಹರಿಯುವ ಹೊತ್ತಿಗೆ ಟೈಲರಮ್ಮನಿಗೆ ತಾನಾಗಿ ಎಚ್ಚರವಾಯಿತು. ಸುಳ್ಳೆಂದು ಗೊತ್ತಿದ್ದೂ ಕಿವಿ ಬಾಗಿಲ ಕಡೆಗೇ ಇತ್ತು. ಪಕ್ಕದಲ್ಲಿ ಗಂಡನೂ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಬಚ್ಚಲಿನ ನಲ್ಲಿ ತೊಟ್ಟಿಕ್ಕಿತು, ಹಾಲಿನವನ ಸೈಕಲ್ಲು ಹೋಯಿತು, ಬಿಸಿಲು ಬಂತು. ಯಾರೂ ಬಾಗಿಲು ತಟ್ಟಲಿಲ್ಲ.

ತಟ್ಟಿದ್ದು ಸಂಜೆ ಊಟದ ಹೊತ್ತಿಗೆ. ಬಾಗಿಲಲ್ಲಿ ಇಸ್ತ್ರಿಯವಳು, ನಿಲುವಂಗಿಯ ಅಂಚೆಲ್ಲ ಧೂಳು, ಕೈಯಲ್ಲಿ ಆ ಜುಬ್ಬಾ. ಬೆಳಕು ಹರಿಯುವವರೆಗೂ ಅವರವರ ಬಾಗಿಲಲ್ಲೇ ಕಾದು, ಯಾರೂ ಬಾರದ ಮೇಲೆ ಎಲ್ಲರೂ ಸಿನಿಮಾ ಹಾಲಿನ ಮುಂದೆ ಹೋಗಿ ನಿಂತಿದ್ದರಂತೆ. ಮಧ್ಯಾಹ್ನದ ಮೇಲೆ ಪ್ರವಾದಿ ಹೊರಗೆ ಬಂದು, ನಿಮ್ಮಲ್ಲಿ ನಂಬಿಕೆ ಕಮ್ಮಿಯಾಯಿತು, ದಿನ ಮುಂದಕ್ಕೆ ಹೋಯಿತು ಎಂದನಂತೆ.

"ನನ್ನ ನಂಬಿಕೆ ಕಮ್ಮಿ ಇತ್ತಾ ಅಕ್ಕಾ?" ಎಂದು ಕೇಳಿದಳು. "ನಾನು ರಾತ್ರಿಯಿಂದ ತೋಳು ಹೀಗೇ ಮಡಿಸ್ಕೊಂಡು ನಿಂತಿದ್ದೆ."

ನಾನು ಮೊದಲೇ ಹೇಳಿದ್ದೆನಲ್ಲ ಎಂದು ಯಾರೂ ಅನ್ನಲಿಲ್ಲ, ಅತ್ತೆ ಕೂಡ. ಟೈಲರಮ್ಮ ಅವಳನ್ನು ಒಳಗೆ ಕರೆತಂದು, ಕೈಕಾಲು ತೊಳೆಸಿ, ಪುಟ್ಟಿ ಕೂರುತ್ತಿದ್ದ ಜಾಗದಲ್ಲಿ ಕೂರಿಸಿ ತಟ್ಟೆ ಇಟ್ಟಳು. ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ತಲೆ ಅಲ್ಲಾಡಿಸಿದರು. "ಇವತ್ತು ನನಗಾಗಲ್ಲ. ನೀನು ಮಾಡೇ."

ಟೈಲರಮ್ಮ ಆ ಮನೆಯಲ್ಲಿ ಗಟ್ಟಿಯಾಗಿ ಎಂದೂ ಪ್ರಾರ್ಥಿಸಿದವಳಲ್ಲ. ಕೈ ಜೋಡಿಸಿದಳು. ಅನ್ನಕ್ಕೆ ಸ್ತೋತ್ರ ಹೇಳಿದಳು. ಪುಟ್ಟಿಯನ್ನು ಕಾಪಾಡು ಎಂದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು, ಅನ್ನ ಆರಿತು, ಗಂಡ ಏನೂ ಅನ್ನಲಿಲ್ಲ.

"ಬಾ ಸ್ವಾಮಿ" ಎಂದಳು. "ಯಾವಾಗ ಅಂತ ಕೇಳಲ್ಲ. ಬರುವಾಗ ನಮ್ಮ ಮಕ್ಕಳನ್ನ ಕರ್ಕೊಂಡು ಬಾ. ಇವಳ ಕೂಸನ್ನ, ನನ್ನ ಚಿಣ್ಣನ್ನ. ಚಿಕ್ಕವರಾಗೇ ಬರ್ಲಿ, ದೊಡ್ಡವರಾಗಿ ಬರ್ಲಿ. ನಾವು ಹಣ್ಣು ಮುದುಕಿಯರಾಗಿದ್ರೂ, ಮಣ್ಣಲ್ಲಿದ್ರೂ ಸರಿ. ಎಷ್ಟು ಎತ್ತರ ಬಂದ್ರೂ ನನಗೆ ಅವನ ಗುರುತು ಸಿಗುತ್ತೆ."